ಆಟಕ್ಕುಂಟು, ಲೆಕ್ಕಕ್ಕಿಲ್ಲ: ಅಮೆರಿಕದ ಅಂತರ್ಯುದ್ಧದ ಹೆಂಗಸರ ಅರ್ಜಿಗಳು

1863ರ ಜನವರಿ ತಿಂಗಳ ಕೊನೆಯಲ್ಲಿ ರಿಚ್‌ಮಂಡ್ ನಗರದ ‘ರಿಚ್‌ಮಂಡ್ ಡಿಸ್ಪ್ಯಾಚ್’ ಪತ್ರಿಕೆ ಒಂದು ಪುಟ್ಟ ಪಟ್ಟಿಯನ್ನು ಅಚ್ಚು ಹಾಕಿತು. ನಮ್ಮ ಬೆಂಗಳೂರಿನ ರಿಚ್‌ಮಂಡ್ ಅಲ್ಲ, ಅಮೆರಿಕದ ವರ್ಜೀನಿಯಾ ಪ್ರಾಂತ್ಯದ ರಿಚ್‌ಮಂಡ್. ಸಣ್ಣ ಸಂಸಾರವೊಂದರ ವಾರದ ದಿನಸಿಗೆ 1860ರಲ್ಲಿ ಎಷ್ಟು ಹಣ ಬೇಕಾಗುತ್ತಿತ್ತು, ಯುದ್ಧ ಶುರುವಾಗಿ ಎರಡು ವರ್ಷವೂ ತುಂಬದ ಹೊತ್ತಿಗೆ ಎಷ್ಟು ಬೇಕಾಗುತ್ತಿದೆ ಎಂಬ ಹೋಲಿಕೆಯ ಪಟ್ಟಿ ಅದು. ಹತ್ತು ಪೌಂಡು ಹಂದಿಮಾಂಸಕ್ಕೆ ಆಗ 1.25 ಡಾಲರ್, ಈಗ 10 ಡಾಲರ್. ಮೂವತ್ತು ಪೌಂಡು ಗೋಧಿಹಿಟ್ಟಿಗೆ ಆಗ 1.50, ಈಗ 3.75. ಐದು ಪೌಂಡು ಸಾಬೂನಿಗೆ ಆಗ ಅರ್ಧ ಡಾಲರ್, ಈಗ 5.50. ಉಪ್ಪು ಮತ್ತು ಮೆಣಸಿಗೆ ಸೇರಿ ಆಗ ಹತ್ತು ಸೆಂಟು, ಈಗ ಎರಡೂವರೆ ಡಾಲರ್. ಎಲ್ಲವನ್ನೂ ಕೂಡಿದರೆ ಆಗ 6.55 ಡಾಲರ್, ಈಗ 68.25 ಡಾಲರ್. ಹಳೆಯ ಅಭ್ಯಾಸಬಲದಿಂದ ನಾನೂ ಒಂದು ಸಲ ಕೂಡಿ ನೋಡಿದೆ. ಮೊತ್ತ ಸರಿಯಾಗಿಯೇ ಇದೆ. ಇದರ ಪಕ್ಕದಲ್ಲಿ ಇಟ್ಟು ನೋಡಬೇಕಾದ ಇನ್ನೊಂದು ಅಂಕಿಯೆಂದರೆ, ಒಕ್ಕೂಟದಿಂದ ಸಿಡಿದು ಉತ್ತರದ ವಿರುದ್ಧ ಕಾದುತ್ತಿದ್ದ ದಕ್ಷಿಣದ ಸೇನೆಯಲ್ಲಿ ಸಾಮಾನ್ಯ ಸಿಪಾಯಿಯ ಸಂಬಳ: ತಿಂಗಳಿಗೆ 11 ಡಾಲರ್. ಅದೂ ತಿಂಗಳು ತಿಂಗಳಿಗೆ ಸರಿಯಾಗಿ ಕೈಸೇರುತ್ತಿರಲಿಲ್ಲ.

ನಾನು ನೌಕರಿಯ ಬಹುಭಾಗವನ್ನು ಬೆಂಗಳೂರಿನ ಸರ್ಕಾರಿ ಕಚೇರಿಯೊಂದರ ಪಿಂಚಣಿ ಶಾಖೆಯಲ್ಲಿ ಕಳೆದವಳು. ಕುಟುಂಬ ಪಿಂಚಣಿಯ ಕಡತಗಳನ್ನು ಓದುವುದು, ಮದುವೆಯ ದಾಖಲೆ ಇಲ್ಲದವರಿಂದ ಪ್ರಮಾಣಪತ್ರ ಕೇಳುವುದು, ಹೆಸರಿನ ಒಂದಕ್ಷರ ವ್ಯತ್ಯಾಸವಾದರೆ ಕಡತವನ್ನು ಹಿಂದಿರುಗಿಸುವುದು ನನ್ನ ಕೆಲಸವಾಗಿತ್ತು. ನಿವೃತ್ತಿಯ ನಂತರ ಮನೆಯಲ್ಲಿ ಕುಳಿತು ಚರಿತ್ರೆಯ ಪುಸ್ತಕಗಳನ್ನು ಓದತೊಡಗಿದಾಗ ನನ್ನ ಕಣ್ಣು ಸಹಜವಾಗಿಯೇ ದಂಡನಾಯಕರ ವ್ಯೂಹಗಳನ್ನು ಬಿಟ್ಟು ಅರ್ಜಿಗಳ ಕಡೆಗೆ, ಅಫಿಡವಿಟ್ಟುಗಳ ಕಡೆಗೆ, ಮಂಜೂರಾತಿ ಆದೇಶಗಳ ಕಡೆಗೆ ಹೋಗತೊಡಗಿತು. 1861ರ ಏಪ್ರಿಲ್‌ನಿಂದ 1865ರ ಏಪ್ರಿಲ್‌ವರೆಗೆ ನಡೆದ ಅಮೆರಿಕದ ಅಂತರ್ಯುದ್ಧದ ಬಗ್ಗೆ ನಮ್ಮ ಶಾಲೆಯ ಪಾಠಗಳಲ್ಲಿ ಅಬ್ರಹಾಂ ಲಿಂಕನ್ ಮತ್ತು ಗುಲಾಮಗಿರಿಯ ಅಂತ್ಯ, ಇವೆರಡನ್ನು ಬಿಟ್ಟು ಹೆಚ್ಚೇನೂ ಇರಲಿಲ್ಲ. ಹೆಂಗಸರ ಮಾತು ಬಂದರೆ ಗಾಯಾಳುಗಳ ತಲೆ ನೇವರಿಸುವ ದಾದಿಯ ಚಿತ್ರವೊಂದು ಮೂಡಿ ಮರೆಯಾಗುತ್ತಿತ್ತು. ಆ ಚಿತ್ರ ಸುಳ್ಳಲ್ಲ. ಆದರೆ ಆ ನಾಲ್ಕು ವರ್ಷಗಳಲ್ಲಿ ಅಲ್ಲಿನ ಹೆಂಗಸರು ಹೇಗೆ ಬದುಕಿದರು ಎಂಬುದು ಅವರು ಸರ್ಕಾರದ ಮುಂದೆ ಇಟ್ಟ ಬೇಡಿಕೆಗಳಲ್ಲಿ ತಿಳಿಯುವಷ್ಟು ಸ್ಪಷ್ಟವಾಗಿ ಮತ್ತೆಲ್ಲೂ ತಿಳಿಯುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಅರ್ಜಿಯಲ್ಲಿ ಯಾರೂ ಅಲಂಕಾರ ಮಾಡುವುದಿಲ್ಲ. ಮನೆಯಲ್ಲಿ ಎಷ್ಟು ಮಕ್ಕಳು, ಎಷ್ಟು ಜೋಳ ಉಳಿದಿದೆ, ಗಂಡನಿಂದ ಕೊನೆಯ ಕಾಗದ ಯಾವಾಗ ಬಂತು ಎಂಬುದನ್ನೇ ಬರೆಯುತ್ತಾರೆ.

ದಕ್ಷಿಣದ ಸ್ಥಿತಿಯಿಂದ ಆರಂಭಿಸುತ್ತೇನೆ, ಏಕೆಂದರೆ ಹಸಿವು ಮೊದಲು ಮುಟ್ಟಿದ್ದು ಅಲ್ಲಿಗೆ. ಒಕ್ಕೂಟದಿಂದ ಸಿಡಿದುಹೋದ ದಕ್ಷಿಣದ ರಾಜ್ಯಗಳು 1862ರ ಏಪ್ರಿಲ್‌ನಲ್ಲಿ ಕಡ್ಡಾಯ ಸೇನಾಭರ್ತಿಯ ಕಾನೂನು ತಂದವು. ಹದಿನೆಂಟರಿಂದ ಮೂವತ್ತೈದು ವರ್ಷದೊಳಗಿನ ಬಿಳಿಯ ಗಂಡಸರೆಲ್ಲ ದಂಡಿಗೆ ಹೋಗಬೇಕಾಯಿತು; ಕೆಲವೇ ತಿಂಗಳಲ್ಲಿ ಆ ಮಿತಿಯನ್ನು ನಲವತ್ತೈದಕ್ಕೆ ಏರಿಸಲಾಯಿತು. ಗುಲಾಮರನ್ನು ಇಟ್ಟುಕೊಳ್ಳುವಷ್ಟು ಆಸ್ತಿಯಿಲ್ಲದ, ಗಂಡ ಹೆಂಡತಿ ಇಬ್ಬರೂ ಸೇರಿ ಉತ್ತು ಬಿತ್ತುತ್ತಿದ್ದ ಸಣ್ಣ ರೈತರ ಮನೆಗಳಲ್ಲಿ ನೇಗಿಲು ಹಿಡಿಯುವ ಕೈಯೇ ಇಲ್ಲವಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಗುಲಾಮರಿರುವ ತೋಟಕ್ಕೆ ಒಬ್ಬ ಬಿಳಿಯ ಗಂಡಸಿನಂತೆ ವಿನಾಯಿತಿ ಕೊಡುವ ತಿದ್ದುಪಡಿ ಬಂತು. ಸಿರಿವಂತರ ಮನೆಯ ಗಂಡಸು ಮನೆಯಲ್ಲೇ ಉಳಿಯಬಹುದು, ಬಡವನ ಹೆಂಡತಿ ಒಬ್ಬಳೇ ಹೊಲ ನೋಡಿಕೊಳ್ಳಬೇಕು ಎಂಬ ಈ ಏರ್ಪಾಡು ಹೆಂಗಸರಿಗೆ ಅರ್ಥವಾಗದೆ ಇರಲಿಲ್ಲ. ಸಾಲದ್ದಕ್ಕೆ 1863ರ ವಸಂತದಲ್ಲಿ ಸೇನೆಗೆ ಬೇಕಾದ ಧಾನ್ಯ, ದನ, ಕುದುರೆಗಳನ್ನು ನಿಗದಿತ ಬೆಲೆಗೆ ವಶಪಡಿಸಿಕೊಳ್ಳುವ ಕಾನೂನು ಬಂತು, ಬೆಳೆಯ ಹತ್ತನೆಯ ಒಂದು ಪಾಲನ್ನು ಕಂದಾಯವಾಗಿ ಅಳೆದು ಕೊಡಬೇಕೆಂಬ ಕಾನೂನೂ ಬಂತು.

ಉಪ್ಪಿನ ಕತೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಶೈತ್ಯಪೆಟ್ಟಿಗೆಯಿಲ್ಲದ ಕಾಲದಲ್ಲಿ ಅಲ್ಲಿನ ಮನೆಗಳು ಚಳಿಗಾಲದ ಆರಂಭದಲ್ಲಿ ಹಂದಿಯನ್ನು ಕಡಿದು, ಮಾಂಸಕ್ಕೆ ಉಪ್ಪು ತಿಕ್ಕಿ, ಹೊಗೆಯ ಕೋಣೆಯಲ್ಲಿ ತೂಗುಹಾಕಿ ವರ್ಷವಿಡೀ ಬಳಸುತ್ತಿದ್ದವು. ಉತ್ತರದ ನೌಕಾಪಡೆ ಬಂದರುಗಳನ್ನು ಮುಚ್ಚಿದ ಮೇಲೆ ಹೊರಗಿನಿಂದ ಬರುತ್ತಿದ್ದ ಉಪ್ಪು ನಿಂತಿತು. ಉಪ್ಪಿಲ್ಲದೆ ಮಾಂಸ ಕೊಳೆಯತೊಡಗಿತು. ಆಗ ಹೆಂಗಸರು ಹೊಗೆಯ ಕೋಣೆಯ ಮಣ್ಣಿನ ನೆಲವನ್ನೇ ಅಗೆದರು. ವರ್ಷಾನುಗಟ್ಟಲೆ ಮಾಂಸದಿಂದ ತೊಟ್ಟಿಕ್ಕಿದ ಉಪ್ಪುನೀರನ್ನು ಕುಡಿದಿದ್ದ ಆ ಮಣ್ಣನ್ನು ನೀರಿನಲ್ಲಿ ಕಲಕಿ, ಸೋಸಿ, ತಿಳಿಯಾದ ನೀರನ್ನು ಕಡಾಯಿಯಲ್ಲಿ ಕುದಿಸಿ ಬತ್ತಿಸಿ, ತಳದಲ್ಲಿ ಉಳಿದ ಕಂದುಬಣ್ಣದ ಉಪ್ಪನ್ನು ಕೆರೆದು ಇಟ್ಟುಕೊಂಡರು. ಇದು ಒಂದು ಊರಿನ ವಿಚಿತ್ರವಲ್ಲ, ದಕ್ಷಿಣದ ಉದ್ದಗಲಕ್ಕೂ ನಡೆದದ್ದು. ಜಾರ್ಜಿಯಾದಂತಹ ರಾಜ್ಯದಲ್ಲಿ ಸರ್ಕಾರವೇ ಮುಂದೆ ಬಂದು ಸಿಪಾಯಿಗಳ ಕುಟುಂಬಗಳಿಗೆ ಉಪ್ಪು ಹಂಚುವ ವ್ಯವಸ್ಥೆ ಮಾಡಬೇಕಾಯಿತು. ಕಾಫಿಯ ಬದಲಿಗೆ ಹುರಿದ ರೈ ಧಾನ್ಯ, ಬೆಂಡೆಯ ಬೀಜ, ಒಣಗಿಸಿದ ಗೆಣಸು, ಚಿಕೋರಿ ಬಂದವು. ನಾವು ಗಾಂಧಿಬಜಾರಿನ ಅಂಗಡಿಯಲ್ಲಿ ನಿಂತು ಚಿಕೋರಿ ಎಷ್ಟು ಪಾಲು ಇರಬೇಕೆಂದು ಹೇಳಿ ಪುಡಿ ಮಾಡಿಸಿಕೊಳ್ಳುತ್ತೇವೆ. ಅವರಿಗೆ ಅದು ರುಚಿಯ ಆಯ್ಕೆಯಾಗಿರಲಿಲ್ಲ. ಮೇಲೆ ಹೇಳಿದ ಪಟ್ಟಿಯಲ್ಲಿ ನಾಲ್ಕು ಪೌಂಡು ಕಾಫಿಗೆ 20 ಡಾಲರ್ ಎಂದಿದೆ, ಅಂದರೆ ಸಿಪಾಯಿಯ ಎರಡು ತಿಂಗಳ ಸಂಬಳಕ್ಕೆ ಸ್ವಲ್ಪವೇ ಕಡಿಮೆ.

ಇಂತಹ ಸ್ಥಿತಿಯಲ್ಲಿ ಹೆಂಗಸರು ಗವರ್ನರುಗಳಿಗೆ ಕಾಗದ ಬರೆಯತೊಡಗಿದರು. ಉತ್ತರ ಕೆರೊಲಿನಾದ ಗವರ್ನರ್ ಝೆಬುಲನ್ ವ್ಯಾನ್ಸ್ ಅವರಿಗೆ ಬಂದ ಅಂತಹ ಪತ್ರಗಳು ಇಂದಿಗೂ ಉಳಿದಿವೆ. ಕಾಗುಣಿತ ಬಾರದ ಕೈಬರಹ, ಪೂರ್ಣವಿರಾಮವಿಲ್ಲದ ಸಾಲುಗಳು, ಆದರೆ ವಾದ ಮಾತ್ರ ಸ್ಪಷ್ಟ: ನೀವು ನನ್ನ ಗಂಡನನ್ನು ಕರೆದುಕೊಂಡು ಹೋದಿರಿ, ಅವನ ಹೆಂಡತಿ ಮಕ್ಕಳನ್ನು ಉಪವಾಸ ಕೆಡವುವುದಿಲ್ಲ ಎಂದು ಮಾತು ಕೊಟ್ಟಿದ್ದಿರಿ, ಆ ಮಾತು ಏನಾಯಿತು? ಮತದಾನದ ಹಕ್ಕಿಲ್ಲದ, ಆಸ್ತಿಯ ಮೇಲೆ ಸ್ವತಂತ್ರ ಅಧಿಕಾರವೂ ಅಷ್ಟಾಗಿ ಇಲ್ಲದ ಹೆಂಗಸರು ಹಿಂದೆ ಸರ್ಕಾರದೊಂದಿಗೆ ನೇರವಾಗಿ ಮಾತಾಡಿದ್ದು ಅಪರೂಪ. ಯುದ್ಧ ಅವರಿಗೆ ಮಾತಾಡಲು ಒಂದು ನೆಲೆಯನ್ನು ಕೊಟ್ಟಿತು, ಸಿಪಾಯಿಯ ಹೆಂಡತಿ ಎಂಬ ನೆಲೆ. ಅವರು ಭಿಕ್ಷೆ ಕೇಳಲಿಲ್ಲ, ಬಾಕಿ ಕೇಳಿದರು. ಈ ವ್ಯತ್ಯಾಸ ನನಗೆ ಕಚೇರಿಯ ಕಿಟಕಿಯಾಚೆ ನಿಂತ ಹೆಂಗಸರಲ್ಲೂ ಕಾಣುತ್ತಿತ್ತು. ಕೆಲವರು ಕೈಮುಗಿದು ನಿಲ್ಲುತ್ತಿದ್ದರು, ಕೆಲವರು ಕಡತದ ಸಂಖ್ಯೆಯನ್ನು ಬಾಯಿಪಾಠವಾಗಿ ಒಪ್ಪಿಸಿ ಉತ್ತರ ಕೇಳುತ್ತಿದ್ದರು. ನಿಜ ಹೇಳಬೇಕೆಂದರೆ ನನಗೆ ಎರಡನೆಯವರನ್ನು ಕಂಡರೆ ಹೆಚ್ಚು ಗೌರವ.

ಕಾಗದಕ್ಕೆ ಉತ್ತರ ಬಾರದಿದ್ದಾಗ ಕೊಡಲಿ ಬಂತು. 1863ರ ಮಾರ್ಚ್ 18ರಂದು ಉತ್ತರ ಕೆರೊಲಿನಾದ ಸಾಲ್ಸ್‌ಬರಿ ಎಂಬ ಪಟ್ಟಣದಲ್ಲಿ ನಲವತ್ತು ಐವತ್ತು ಮಂದಿ ಹೆಂಗಸರು, ಬಹುತೇಕ ಎಲ್ಲರೂ ಸಿಪಾಯಿಗಳ ಮನೆಯವರು, ಕೊಡಲಿಗಳನ್ನು ಹಿಡಿದು ವ್ಯಾಪಾರಿಗಳ ಅಂಗಡಿಗಳಿಗೆ ಹೋದರು. ಸರ್ಕಾರ ಕೊಡುವ ಬೆಲೆಗೇ ನಮಗೂ ಹಿಟ್ಟು ಕೊಡಿ ಎಂಬುದು ಅವರ ಮೊದಲ ಮಾತು. ಒಬ್ಬ ವ್ಯಾಪಾರಿ ಬಾಗಿಲು ಹಾಕಿಕೊಂಡಾಗ ಬಾಗಿಲಿನ ಹಲಗೆಗಳ ಮೇಲೆ ಕೊಡಲಿ ಬಿತ್ತು. ಆತ ತಾನಾಗಿಯೇ ಹತ್ತು ಪೀಪಾಯಿ ಹಿಟ್ಟನ್ನು ಹೊರಗೆ ಉರುಳಿಸಿದ. ಈ ಘಟನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆನಂತರದ ಪತ್ರ. ಗುಂಪಿನಲ್ಲಿದ್ದ ಮೇರಿ ಮೂರ್ ಎಂಬಾಕೆ ಮೂರು ದಿನ ಕಳೆದು ಗವರ್ನರರಿಗೆ ನಡೆದದ್ದನ್ನೆಲ್ಲ ಬರೆದಳು. ದಿನದ ಕೊನೆಗೆ ಸಿಕ್ಕಿದ್ದು 23 ಪೀಪಾಯಿ ಹಿಟ್ಟು, ಎರಡು ಚೀಲ ಉಪ್ಪು, ಅರ್ಧ ಪೀಪಾಯಿ ಕಾಕಂಬಿ, 20 ಡಾಲರ್ ನಗದು ಎಂದು ಲೆಕ್ಕ ಒಪ್ಪಿಸಿದಳು. ಸೇನೆಗೆ ಬಟ್ಟೆ ಹೊಲಿಯುವ ತಮಗೆ ಒಳಪದರವಿರುವ ಷರಾಯಿಯೊಂದಕ್ಕೆ 50 ಸೆಂಟು, ಕೋಟು ಒಂದಕ್ಕೆ 75 ಸೆಂಟು ಸಿಗುತ್ತದೆ, ಅದರಲ್ಲಿ ಐದಾರು ಮಕ್ಕಳನ್ನು ಸಾಕಬೇಕು ಎಂದೂ ಬರೆದಳು. ತಲೆಮರೆಸಿಕೊಳ್ಳುವ ಬದಲು ಲೂಟಿಯ ಲೆಕ್ಕಪತ್ರವನ್ನು ಸ್ವತಃ ಸಲ್ಲಿಸಿ, ಮುಂದಿನ ಕ್ರಮವನ್ನು ಸರ್ಕಾರಕ್ಕೇ ಬಿಟ್ಟ ಅರ್ಜಿದಾರಳನ್ನು ನಾನು ಬೇರೆಲ್ಲೂ ಓದಿಲ್ಲ.

ಎರಡೇ ವಾರದಲ್ಲಿ ದಕ್ಷಿಣದ ರಾಜಧಾನಿ ರಿಚ್‌ಮಂಡಿನ ಸರದಿ ಬಂತು. ಯುದ್ಧಕ್ಕೆ ಮುಂಚೆ ನಲವತ್ತು ಸಾವಿರದಷ್ಟು ಜನರಿದ್ದ ಆ ಊರಿನಲ್ಲಿ ಸೇನೆ, ಕಚೇರಿಗಳು, ಆಸ್ಪತ್ರೆಗಳು, ನಿರಾಶ್ರಿತರು ತುಂಬಿ ಜನಸಂಖ್ಯೆ ಎರಡು ಪಟ್ಟು ಮೀರಿತ್ತು. ಮಾರ್ಚ್ 13ರಂದು ಊರಿನ ನದಿಯ ನಡುವಿನ ಬ್ರೌನ್ಸ್ ದ್ವೀಪದಲ್ಲಿದ್ದ ಮದ್ದುಗುಂಡಿನ ಕಾರ್ಖಾನೆ ಸಿಡಿದು ನಲವತ್ತಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಅವರಲ್ಲಿ ಬಹುಪಾಲು ಅಲ್ಲಿ ಕೂಲಿ ಮಾಡುತ್ತಿದ್ದ ಹುಡುಗಿಯರು ಮತ್ತು ಹೆಂಗಸರು. ಅದರ ಬೆನ್ನಿಗೇ ಭಾರೀ ಹಿಮ ಸುರಿದು ಹಳ್ಳಿಗಳಿಂದ ಬರುವ ಗಾಡಿಗಳು ನಿಂತವು. ಏಪ್ರಿಲ್ 1ರ ಸಂಜೆ ಬೆಲ್ವಿಡಿಯರ್ ಹಿಲ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಹೆಂಗಸರ ಸಭೆ ಸೇರಿತು. ಸಭೆ ಕರೆದವಳು ಮೇರಿ ಜ್ಯಾಕ್ಸನ್. ಮಾರುಕಟ್ಟೆಯಲ್ಲಿ ವ್ಯಾಪಾರ ಮಾಡುತ್ತಿದ್ದವಳು, ಸಿಪಾಯಿಯೊಬ್ಬನ ತಾಯಿ, ಮಗನನ್ನು ಬಿಡುಗಡೆ ಮಾಡಿ ಎಂದು ಈಗಾಗಲೇ ಯುದ್ಧ ಇಲಾಖೆಗೆ ಅರ್ಜಿ ಹಾಕಿ ಸೋತವಳು. ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬನ್ನಿ, ಮೊದಲು ಗವರ್ನರರನ್ನು ಕಾಣೋಣ, ಆಗದಿದ್ದರೆ ಅಂಗಡಿಗಳಿಗೆ ಹೋಗೋಣ ಎಂದು ತೀರ್ಮಾನವಾಯಿತು. ಇದನ್ನು ಆಗಿನ ಪತ್ರಿಕೆಗಳು ಕಳ್ಳರ ಮತ್ತು ಬೀದಿಹೆಂಗಸರ ದೊಂಬಿ ಎಂದು ಜರೆದವು. ನಡವಳಿ ಪುಸ್ತಕವೊಂದನ್ನು ಬಿಟ್ಟರೆ ಮಿಕ್ಕೆಲ್ಲ ಇದ್ದ ಸಭೆಯನ್ನು ದೊಂಬಿ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಮರುದಿನ ಗವರ್ನರ್ ಜಾನ್ ಲೆಚರ್ ಅವರಿಂದ ಸಮಾಧಾನದ ಉತ್ತರ ಸಿಗದೆ ನೂರಾರು ಹೆಂಗಸರು ಸದ್ದಿಲ್ಲದೆ ಅಂಗಡಿಬೀದಿಗಳ ಕಡೆಗೆ ನಡೆದರು. ಅವರನ್ನು ನೋಡಿದ ಒಬ್ಬಾಕೆ ಗೆಳತಿಗೆ ಬರೆದ ಪತ್ರವೊಂದು ಮುಂದೆ ಒಂದು ಸ್ಮೃತಿಗ್ರಂಥದಲ್ಲಿ ಅಚ್ಚಾಗಿದೆ. ಉದ್ಯಾನದ ಬೆಂಚಿನ ಮೇಲೆ ಕುಳಿತಿದ್ದ, ಹದಿನೆಂಟರ ಆಸುಪಾಸಿನ ಹುಡುಗಿಯೊಬ್ಬಳು ತಲೆಯ ಟೊಪ್ಪಿಗೆ ಸರಿಪಡಿಸಲು ಕೈ ಎತ್ತಿದಾಗ ತೋಳು ಜಾರಿ ಬರಿಯ ಮೂಳೆಯಂತಹ ಕೈ ಕಂಡಿತು; ಅದನ್ನು ಮುಚ್ಚಿಕೊಳ್ಳುತ್ತ ಆಕೆ ನಕ್ಕು, ತನ್ನಲ್ಲಿ ಉಳಿದಿರುವುದು ಇಷ್ಟೇ ಎಂದಳಂತೆ. ಆಮೇಲೆ ಹಿಟ್ಟು, ಮಾಂಸ, ಜೋಡುಗಳು ಗಾಡಿಗಳಿಗೆ ಏರಿದವು. ಕೊನೆಗೆ ದಕ್ಷಿಣದ ಅಧ್ಯಕ್ಷ ಜೆಫರ್‌ಸನ್ ಡೇವಿಸ್ ಗಾಡಿಯೊಂದರ ಮೇಲೆ ನಿಂತು ತನ್ನ ಜೇಬಿನಲ್ಲಿದ್ದ ಚಿಲ್ಲರೆ ಹಣವನ್ನು ಗುಂಪಿಗೆ ಎರಚಿ, ಐದು ನಿಮಿಷದಲ್ಲಿ ಚದುರದಿದ್ದರೆ ಗುಂಡು ಹಾರಿಸಲಾಗುವುದೆಂದು ಗಡಿಯಾರ ಹಿಡಿದು ಹೇಳಿದ ಎಂಬ ವಿವರ ಆತನ ಪತ್ನಿಯ ಬರಹದಲ್ಲೇ ಇದೆ. ಹೆಂಗಸರು ಚದುರಿದರು, ಹಲವರ ಬಂಧನವಾಯಿತು. ಸುದ್ದಿಯನ್ನು ಅಚ್ಚು ಮಾಡಬೇಡಿರೆಂದು ಸರ್ಕಾರ ಪತ್ರಿಕೆಗಳನ್ನು ಕೇಳಿಕೊಂಡರೂ ವಾರದೊಳಗೆ ಅದು ನ್ಯೂಯಾರ್ಕಿನ ಪತ್ರಿಕೆಗಳ ಮುಖಪುಟಕ್ಕೆ ಏರಿತು. ಇದೇ ತಿಂಗಳಲ್ಲಿ ನಗರಸಭೆ ಬಡವರಿಗೆ ಚೀಟಿ ತೋರಿಸಿ ದವಸ ಪಡೆಯುವ ವ್ಯವಸ್ಥೆಯನ್ನು ಜಾರಿಗೆ ತಂದಿತು. ಮನೆಮನೆಗೆ ಹೋಗಿ ಪರಿಶೀಲಿಸುವವರು ನೇಮಕವಾದರು. ಯೋಗ್ಯ ಬಡವರಿಗೆ ಮಾತ್ರ ಚೀಟಿ, ಗಲಭೆಯಲ್ಲಿ ಇದ್ದವರಿಗೆ ಇಲ್ಲ ಎಂಬ ಷರತ್ತೂ ಸೇರಿತು. ಅಂದರೆ, ಯಾರು ಬೀದಿಗೆ ಇಳಿದುದರಿಂದ ಈ ಯೋಜನೆ ಹುಟ್ಟಿತೋ ಅವರನ್ನೇ ಫಲಾನುಭವಿಗಳ ಪಟ್ಟಿಯಿಂದ ಕೈಬಿಡಲಾಯಿತು. ಸರ್ಕಾರಿ ಆದೇಶಗಳ ಈ ಜಾಣತನ ನನಗೆ ಹೊಸದೇನಲ್ಲ.

ಬೆಂಗಳೂರಿನವರಿಗೆ ಇಲ್ಲಿ 2016ರ ಏಪ್ರಿಲ್ ನೆನಪಾಗದಿರದು. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ನಿಯಮದ ವಿರುದ್ಧ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಬೊಮ್ಮನಹಳ್ಳಿ, ಹೊಸೂರು ರಸ್ತೆ, ಪೀಣ್ಯದ ಕಡೆಗಳಲ್ಲಿ ರಸ್ತೆಗಿಳಿದರು, ಎರಡು ದಿನ ನಗರ ಅಲ್ಲಾಡಿತು, ಕೇಂದ್ರ ಸರ್ಕಾರ ನಿಯಮವನ್ನು ಹಿಂಪಡೆಯಿತು. ಯುದ್ಧಕಾಲದ ಹಸಿವಿಗೂ ಇದಕ್ಕೂ ಸಮೀಕರಣ ಮಾಡುವುದು ತಪ್ಪಾದೀತು. ಆದರೂ ಬಟ್ಟೆ ಹೊಲಿಯುವ ಕೈಗಳು ತಮ್ಮದೇ ಹಣದ ಲೆಕ್ಕವನ್ನು ಕೇಳಿ ಹೊರಬಂದಾಗ, ಇವರಿಗೆ ಇದನ್ನೆಲ್ಲ ಹೇಳಿಕೊಟ್ಟವರು ಯಾರು ಎಂದು ಊರಿನ ದೊಡ್ಡವರು ಕೇಳಿದ ಧಾಟಿ ಎರಡು ಕಡೆಯೂ ಒಂದೇ ಆಗಿತ್ತು.

ಉತ್ತರದಲ್ಲಿ ಹಸಿವು ಇಷ್ಟು ಕ್ರೂರವಾಗಿರಲಿಲ್ಲ, ಕೂಲಿಯ ಪ್ರಶ್ನೆ ಇತ್ತು. ವಾಷಿಂಗ್ಟನ್‌ನಲ್ಲಿ ಖಜಾನೆಯ ಮುಖ್ಯಾಧಿಕಾರಿ ಫ್ರಾನ್ಸಿಸ್ ಸ್ಪಿನ್ನರ್ ಹೊಸದಾಗಿ ಅಚ್ಚಾದ ನೋಟಿನ ಹಾಳೆಗಳನ್ನು ಕತ್ತರಿಸಲು ಹೆಂಗಸರನ್ನು ನೇಮಿಸಿಕೊಂಡರು. ವರ್ಷಕ್ಕೆ 600 ಡಾಲರ್, ಗಂಡು ಗುಮಾಸ್ತರಿಗೆ ಅದರ ಎರಡು ಪಟ್ಟು. ಸರ್ಕಾರಿ ಕಚೇರಿಯ ಮೇಜಿನ ಮುಂದೆ ಹೆಂಗಸರು ಕೂರುವ ವಾಡಿಕೆ ಅಲ್ಲಿ ಬೇರೂರಿದ್ದು ಹೀಗೆ, ಅರ್ಧ ಸಂಬಳದಲ್ಲಿ. ಮದ್ದಿನ ಕಾರ್ಖಾನೆಗಳಲ್ಲಿ ತೋಟಾ ಕಟ್ಟುವ ಕೆಲಸವನ್ನೂ ಎಳೆಯ ಹುಡುಗಿಯರಿಗೆ ಕೊಡುತ್ತಿದ್ದರು. 1862ರ ಸೆಪ್ಟೆಂಬರ್ 17ರಂದು ಪಿಟ್ಸ್‌ಬರ್ಗ್ ಬಳಿಯ ಅಲಿಗೆನಿ ಶಸ್ತ್ರಾಗಾರ ಸ್ಫೋಟಗೊಂಡು 78 ಮಂದಿ ಸತ್ತರು, ಅವರಲ್ಲಿ ಹೆಚ್ಚಿನವರು ಯುವತಿಯರು. ಅದೇ ದಿನ ಆಂಟೀಟಮ್‌ನಲ್ಲಿ ಮಹಾಕದನ ನಡೆದುದರಿಂದ ಮರುದಿನದ ಪತ್ರಿಕೆಗಳಲ್ಲಿ ಇವರ ಪಾಲಿಗೆ ಹೆಚ್ಚು ಜಾಗ ಉಳಿಯಲಿಲ್ಲ. 1864ರ ಜೂನ್‌ನಲ್ಲಿ ವಾಷಿಂಗ್ಟನ್ನಿನ ಶಸ್ತ್ರಾಗಾರದಲ್ಲಿ 21 ಹೆಂಗಸರು ಸುಟ್ಟುಹೋದಾಗ ಶವಯಾತ್ರೆಯಲ್ಲಿ ಲಿಂಕನ್ ಸ್ವತಃ ಪಾಲ್ಗೊಂಡರು. ಸಿನ್ಸಿನಾಟಿಯ ಹೊಲಿಗೆಯ ಹೆಂಗಸರು 1865ರ ಫೆಬ್ರವರಿಯಲ್ಲಿ ಅದೇ ಲಿಂಕನ್‌ಗೆ ಅರ್ಜಿ ಬರೆದು, ಗುತ್ತಿಗೆದಾರರು ನಡುವೆ ನಿಂತು ಕೊಬ್ಬುತ್ತಿದ್ದಾರೆ, ಸರ್ಕಾರವೇ ನೇರವಾಗಿ ನಮಗೆ ಕೆಲಸ ಕೊಡಲಿ ಎಂದು ಕೇಳಿದರು. ಗುತ್ತಿಗೆ ಪದ್ಧತಿ ರದ್ದಾಗಲಿ ಎಂಬ ಈ ಬೇಡಿಕೆಯನ್ನು ನಮ್ಮ ಪೌರಕಾರ್ಮಿಕ ಹೆಂಗಸರ ಬಾಯಲ್ಲಿ ಕೇಳದ ಬೆಂಗಳೂರಿಗರು ಇರಲಾರರು.

ಈ ಯುದ್ಧ ನಮ್ಮ ನಾಡನ್ನು ಮುಟ್ಟಿದ್ದು ಹತ್ತಿಯ ಮೂಲಕ. 1840ರ ದಶಕದಲ್ಲೇ ಧಾರವಾಡದ ಕರಿಮಣ್ಣಿಗೆ ಅಮೆರಿಕದ ಹತ್ತಿಬೀಜ ಬಂದಿತ್ತು. ಯುದ್ಧದಿಂದ ಅಮೆರಿಕದ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ ಧಾರವಾಡ, ಹುಬ್ಬಳ್ಳಿಗಳ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂತು, 1865ರಲ್ಲಿ ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು. ಅರಳೆ ಬಿಡಿಸುವ ಕೆಲಸ ಬಹುಮಟ್ಟಿಗೆ ಹೆಂಗಸರದೇ ಆಗಿದ್ದ ಆ ಸೀಮೆಯಲ್ಲಿ ಈ ಏರಿಳಿತವನ್ನು ಅವರು ಹೇಗೆ ಕಂಡರೆಂಬುದು ಪ್ರತ್ಯೇಕವಾಗಿ ಬರೆಯಬೇಕಾದ ವಿಷಯ. ಇಲ್ಲಿ ಅದನ್ನು ಕೆದಕುವುದಿಲ್ಲ.

ಇಲ್ಲಿಯವರೆಗೆ ಹೇಳಿದ ಹೆಂಗಸರು ಬಡವರಾದರೂ ಅವರ ಮದುವೆಯನ್ನು ಕಾನೂನು ಒಪ್ಪಿತ್ತು, ಅವರ ಮಕ್ಕಳು ಅವರವೇ ಆಗಿದ್ದರು. ಆ ದೇಶದಲ್ಲಿ ಸುಮಾರು ನಲವತ್ತು ಲಕ್ಷ ಗುಲಾಮರಿದ್ದರು, ಅವರಲ್ಲಿ ಅರ್ಧದಷ್ಟು ಮಂದಿ ಹೆಂಗಸರು, ಅವರಿಗೆ ಈ ಎರಡೂ ಇರಲಿಲ್ಲ. 1861ರ ಮೇ ತಿಂಗಳಲ್ಲಿ ವರ್ಜೀನಿಯಾದ ಮನ್ರೋ ಕೋಟೆಗೆ ಓಡಿಬಂದ ಮೂವರು ಗುಲಾಮರನ್ನು ಜನರಲ್ ಬೆಂಜಮಿನ್ ಬಟ್ಲರ್ ಒಡೆಯನಿಗೆ ಹಿಂದಿರುಗಿಸಲು ನಿರಾಕರಿಸಿದ ಮೇಲೆ, ಹೆಂಗಸರೂ ಮಕ್ಕಳೂ ಉತ್ತರದ ಸೇನೆ ಬೀಡುಬಿಟ್ಟಲ್ಲೆಲ್ಲ ಬರತೊಡಗಿದರು. ಗಂಡಸರಿಗೆ ಕಂದಕ ತೋಡುವ ಕೆಲಸ ಕೊಡಬಹುದಾಗಿತ್ತು, ಆಮೇಲೆ ಬಂದೂಕನ್ನೂ ಕೊಟ್ಟರು. ಹೆಂಗಸರನ್ನು ಏನು ಮಾಡಬೇಕೆಂಬುದು ಸೇನೆಗೆ ತಿಳಿಯಲಿಲ್ಲ. ಕೆಲವರು ಬಟ್ಟೆ ಒಗೆದರು, ಅಡುಗೆ ಮಾಡಿದರು, ಮಿಕ್ಕವರನ್ನು ಹೊರೆ ಎಂದು ಬಗೆಯಲಾಯಿತು.

ಕೆಂಟಕಿಯ ಕ್ಯಾಂಪ್ ನೆಲ್ಸನ್‌ನಲ್ಲಿ ಇದು ಅತಿ ಕೆಟ್ಟ ರೂಪ ತಾಳಿತು. ಕೆಂಟಕಿ ಒಕ್ಕೂಟದಲ್ಲೇ ಉಳಿದ ರಾಜ್ಯವಾದ್ದರಿಂದ ಬಂಡೆದ್ದ ರಾಜ್ಯಗಳ ಗುಲಾಮರನ್ನು ಸ್ವತಂತ್ರರೆಂದು ಸಾರಿದ ಲಿಂಕನ್ನರ 1863ರ ವಿಮೋಚನಾ ಘೋಷಣೆ ಅಲ್ಲಿಗೆ ಅನ್ವಯಿಸಲಿಲ್ಲ. ಸೇನೆಗೆ ಸೇರಿದ ಕಪ್ಪು ಗಂಡಸು ಸ್ವತಂತ್ರನಾದರೂ ಅವನ ಹೆಂಡತಿ ಮಕ್ಕಳು ಒಡೆಯನ ಸ್ವತ್ತಾಗಿಯೇ ಉಳಿದರು. ಗಂಡ ದಂಡು ಸೇರಿದ ಸಿಟ್ಟಿಗೆ ಒಡೆಯರು ಅವರನ್ನು ಹೊಡೆದು ಹೊರಹಾಕುತ್ತಿದ್ದುದರಿಂದ ಅವರು ಶಿಬಿರದ ಅಂಚಿನಲ್ಲಿ ಗುಡಿಸಲು ಹಾಕಿಕೊಂಡಿದ್ದರು. 1864ರ ನವೆಂಬರ್ ಕೊನೆಯ ಕೊರೆಯುವ ಚಳಿಯಲ್ಲಿ ಜನರಲ್ ಸ್ಪೀಡ್ ಫ್ರೈ ಸುಮಾರು ನಾನ್ನೂರು ಹೆಂಗಸರು ಮಕ್ಕಳನ್ನು ಗಾಡಿಗಳಲ್ಲಿ ತುಂಬಿಸಿ ಹೊರಗಟ್ಟಿ ಗುಡಿಸಲುಗಳನ್ನು ಕೆಡವಿಸಿದ. ಅವರಲ್ಲಿ 102 ಮಂದಿ ಸತ್ತರು. ಜೋಸೆಫ್ ಮಿಲ್ಲರ್ ಎಂಬ ಸಿಪಾಯಿ ನವೆಂಬರ್ 26ರಂದು ಕೊಟ್ಟ ಪ್ರಮಾಣೀಕೃತ ಹೇಳಿಕೆ ಇಂದಿಗೂ ಸಿಗುತ್ತದೆ. ಕಾಯಿಲೆ ಬಿದ್ದು ಚೇತರಿಸಿಕೊಳ್ಳುತ್ತಿದ್ದ ಮಗನನ್ನು ಚಳಿಯಲ್ಲಿ ಹೊರಡಿಸಿದರೆ ಸಾಯುತ್ತಾನೆ ಎಂದು ಆತ ಕಾವಲಿನವನಿಗೆ ಹೇಳಿದ. ಗಾಡಿ ಹತ್ತದಿದ್ದರೆ ಗುಂಡು ಹಾರಿಸುವುದಾಗಿ ಉತ್ತರ ಬಂತು. ರಾತ್ರಿ ಹುಡುಕಿಕೊಂಡು ನಡೆದುಹೋದಾಗ ಹೆಂಡತಿ ಮಕ್ಕಳು ಆರು ಮೈಲಿ ದೂರದಲ್ಲಿ ಒಂದು ಹಳೆಯ ಪ್ರಾರ್ಥನಾಮಂದಿರದಲ್ಲಿದ್ದರು, ಹುಡುಗ ಸತ್ತಿದ್ದ. ರಾತ್ರಿಯೇ ಶಿಬಿರಕ್ಕೆ ಮರಳಬೇಕಾಗಿದ್ದ ಆತ ಮರುದಿನ ಮತ್ತೆ ನಡೆದುಹೋಗಿ ತಾನೇ ಗುಂಡಿ ತೋಡಿ ಮಗನನ್ನು ಹೂತ. ಹೇಳಿಕೆಯ ಕೆಳಗೆ ಸಹಿಯ ಜಾಗದಲ್ಲಿ ಗೀಟು ಹಾಕಿದ್ದಾನೆ. ಆತನ ಹೆಂಡತಿಯ ಹೆಸರು ಇಸಬೆಲ್ಲಾ. ಆಕೆಯೂ ಉಳಿದ ಮಕ್ಕಳೂ ಕೆಲವೇ ವಾರಗಳಲ್ಲಿ ತೀರಿಕೊಂಡರು, ಜನವರಿಯಲ್ಲಿ ಆತನೂ. ಈ ಹೇಳಿಕೆಗಳು ಪತ್ರಿಕೆಗಳಿಗೂ ವಾಷಿಂಗ್ಟನ್ನಿಗೂ ತಲುಪಿದ ಮೇಲೆ 1865ರ ಮಾರ್ಚ್ 3ರಂದು ಕಪ್ಪು ಸಿಪಾಯಿಗಳ ಹೆಂಡತಿ ಮಕ್ಕಳನ್ನು ಸ್ವತಂತ್ರರೆಂದು ಸಾರುವ ಕಾನೂನಾಯಿತು. ಅಫಿಡವಿಟ್ ಎಂಬುದು ಕೇವಲ ಕಚೇರಿಯ ಕಾಟ ಎಂದು ಹೇಳುವವರಿಗೆ ನಾನು ಇದನ್ನು ಓದಲು ಕೊಡುತ್ತೇನೆ.

ಯುದ್ಧ ಮುಗಿದ ಮೇಲೆ ನನ್ನ ಶಾಖೆಯ ಕೆಲಸ ಶುರುವಾಗುತ್ತದೆ. 1862ರ ಜುಲೈ 14ರ ಕಾನೂನಿನ ಪ್ರಕಾರ ಉತ್ತರದ ಸಾಮಾನ್ಯ ಸಿಪಾಯಿಯ ವಿಧವೆಗೆ ತಿಂಗಳಿಗೆ 8 ಡಾಲರ್, ಹಿರಿಯ ಅಧಿಕಾರಿಯ ವಿಧವೆಗೆ 30 ಡಾಲರ್. ಮರುಮದುವೆಯಾದರೆ ಪಿಂಚಣಿ ನಿಲ್ಲುತ್ತದೆ. ಮೊದಲು ಗಂಡ ಸತ್ತದ್ದನ್ನು ಸಾಬೀತು ಮಾಡಬೇಕು. ಆರು ಲಕ್ಷಕ್ಕೂ ಹೆಚ್ಚು ಮಂದಿ ಸತ್ತು, ಗುರುತಿಲ್ಲದ ಗುಂಡಿಗಳಲ್ಲಿ ಹೂಳಲ್ಪಟ್ಟ ಯುದ್ಧದಲ್ಲಿ ಇದು ಸುಲಭವಲ್ಲ. ಕ್ಲಾರಾ ಬಾರ್ಟನ್ ಹೆಸರನ್ನು ನಾವು ದಾದಿಯಾಗಿ, ಅಮೆರಿಕದ ರೆಡ್‌ಕ್ರಾಸ್ ಸ್ಥಾಪಕಿಯಾಗಿ ಬಲ್ಲೆವು. ಆಕೆ 1865ರಿಂದ 1868ರವರೆಗೆ ವಾಷಿಂಗ್ಟನ್ನಿನ ಬಾಡಿಗೆ ಕೋಣೆಯಲ್ಲಿ ಕುಳಿತು 63,000 ಪತ್ರಗಳನ್ನು ನಿಭಾಯಿಸಿ, ಕಾಣೆಯಾದ 22,000 ಸಿಪಾಯಿಗಳ ಗತಿಯನ್ನು ಪತ್ತೆಹಚ್ಚಿದ್ದು ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಕೆಲಸ. ಆಮೇಲೆ ಮದುವೆಯನ್ನು ಸಾಬೀತು ಮಾಡಬೇಕು. ಗುಲಾಮರಿಗೆ ಕಾನೂನಿನ ಮದುವೆಯೇ ಇರಲಿಲ್ಲವಾದ್ದರಿಂದ 1864ರ ತಿದ್ದುಪಡಿಯಲ್ಲಿ, ಗಂಡ ಹೆಂಡಿರಾಗಿ ಒಟ್ಟಿಗೆ ಬಾಳಿದ್ದನ್ನು ಕಂಡವರ ಸಾಕ್ಷ್ಯ ಸಾಕು ಎಂದು ಒಪ್ಪಲಾಯಿತು. ಸಾಕ್ಷಿಗಳನ್ನು ವಿಚಾರಿಸಲು ವಿಶೇಷ ಪರೀಕ್ಷಕರು ಊರೂರಿಗೆ ಹೋದರು. ಸೂಲಗಿತ್ತಿಯರು, ನೆರೆಯವರು, ಜೊತೆಯಲ್ಲಿ ಹತ್ತಿ ಬಿಡಿಸಿದವರು ಹೇಳಿದ್ದನ್ನೆಲ್ಲ ಬರೆದುಕೊಂಡರು. ಓದು ಬರಹ ಬಾರದ ಹೆಂಗಸರ ದಿನನಿತ್ಯದ ಬದುಕು ಅಷ್ಟು ವಿವರವಾಗಿ ಉಳಿದಿರುವುದು ಈ ಕಡತಗಳಿಂದ. 1882ರಲ್ಲಿ ಇನ್ನೊಂದು ನಿಯಮ ಸೇರಿತು: ವಿಧವೆ ಯಾರೊಂದಿಗಾದರೂ ಸಂಬಂಧ ಇಟ್ಟುಕೊಂಡಿದ್ದರೆ ಪಿಂಚಣಿ ರದ್ದು. ಅಲ್ಲಿಂದ ಪರೀಕ್ಷಕರ ಪ್ರಶ್ನೆಗಳು ನೆರೆಹೊರೆಯ ಚಾಡಿಗೆ ಇಳಿದವು. ನಮ್ಮಲ್ಲೂ ಅಂತಹ ಅನಾಮಧೇಯ ದೂರುಗಳು ಬರುತ್ತಿದ್ದವು. ಅವುಗಳ ಕೈಬರಹ ಯಾವಾಗಲೂ ಅಚ್ಚುಕಟ್ಟಾಗಿರುತ್ತಿತ್ತು.

ಹೆಂಡತಿಯಾಗಿ ಅಲ್ಲದೆ ತನ್ನದೇ ದುಡಿಮೆಗಾಗಿ ಕೇಳಿದವರ ಪಾಡು ಇನ್ನೂ ಕಷ್ಟ. 1892ರಲ್ಲಿ ಸೇನೆಯ ದಾದಿಯರಿಗೆ ತಿಂಗಳಿಗೆ 12 ಡಾಲರ್ ಪಿಂಚಣಿ ಮಂಜೂರಾಯಿತು, ಆದರೆ ಅಡುಗೆಯವಳು, ಅಗಸಗಿತ್ತಿ ಎಂದು ದಾಖಲಾದವರಿಗೆ ಅದು ಸಿಗಲಿಲ್ಲ. ಜಾರ್ಜಿಯಾದ ಗುಲಾಮಗಿರಿಯಲ್ಲಿ ಹುಟ್ಟಿ, ಕದ್ದುಮುಚ್ಚಿ ಓದು ಕಲಿತ ಸೂಸಿ ಕಿಂಗ್ ಟೇಲರ್ ಕಪ್ಪು ಸಿಪಾಯಿಗಳ ದಳವೊಂದರಲ್ಲಿ ನಾಲ್ಕು ವರ್ಷಕ್ಕೂ ಮೇಲ್ಪಟ್ಟು ದುಡಿದಳು. ಸಿಪಾಯಿಗಳಿಗೆ ಅಕ್ಷರ ಕಲಿಸಿದಳು, ಬಂದೂಕು ಒರೆಸಿದಳು, ಗಾಯಾಳುಗಳಿಗೆ ಆಮೆಯ ಮೊಟ್ಟೆ ಮತ್ತು ಡಬ್ಬಿಹಾಲಿನಿಂದ ಪಾಯಸದಂತಹ ತಿನಿಸು ಮಾಡಿ ಉಣಿಸಿದಳು. ಒಂದು ಡಾಲರ್ ಸಂಬಳವಿಲ್ಲ. ದಾಖಲೆಯಲ್ಲಿ ಅಗಸಗಿತ್ತಿ, ಆದ್ದರಿಂದ ದಾದಿಯ ಪಿಂಚಣಿಯೂ ಇಲ್ಲ. ಹ್ಯಾರಿಯೆಟ್ ಟಬ್‌ಮನ್ 1863ರ ಜೂನ್ 2ರಂದು ದಕ್ಷಿಣ ಕೆರೊಲಿನಾದ ಕಂಬಾಹಿ ನದಿಯ ದಾಳಿಗೆ ದಾರಿ ತೋರಿಸಿ ಏಳುನೂರಕ್ಕೂ ಹೆಚ್ಚು ಗುಲಾಮರನ್ನು ಬಿಡಿಸಿ ತಂದವಳು. ಬೇಹುಗಾರಿಕೆಗೆ ಬರಬೇಕಾದ 1,800 ಡಾಲರ್ ಕೇಳಿ ದಶಕಗಳ ಕಾಲ ಅರ್ಜಿ ಹಾಕಿದಳು. ಸಿಕ್ಕಿದ್ದು ಮೊದಲು ಎರಡನೆಯ ಗಂಡನ ಸೇವೆಯ ಲೆಕ್ಕದಲ್ಲಿ ವಿಧವೆಯ 8 ಡಾಲರ್, 1899ರಲ್ಲಿ ಅದನ್ನು 20ಕ್ಕೆ ಏರಿಸಿದರು, ಅದೂ ದಾದಿಯಾಗಿದ್ದಳೆಂಬ ಕಾರಣ ಕೊಟ್ಟು. ವಿಧವೆಯ ಎಂಟಕ್ಕೆ ದಾದಿಯ ಹನ್ನೆರಡನ್ನು ಕೂಡಿದರೆ ಇಪ್ಪತ್ತು. ಬೇಹುಗಾರಳಿಗೆ ಉಳಿದದ್ದು ಸೊನ್ನೆ.

ಈ ಯುದ್ಧದ ಕೊನೆಯ ಪಿಂಚಣಿ ನಿಂತದ್ದು 2020ರಲ್ಲಿ. ಮೊದಲು ದಕ್ಷಿಣದ ಸೇನೆಯಲ್ಲಿದ್ದು, ಓಡಿಬಂದು ಉತ್ತರದ ಸೇನೆ ಸೇರಿದ ಮೋಸ್ ಟ್ರಿಪ್ಲೆಟ್ ಮುಪ್ಪಿನಲ್ಲಿ ಮತ್ತೆ ಮದುವೆಯಾಗಿ ಪಡೆದ ಮಗಳು ಐರೀನ್ ಟ್ರಿಪ್ಲೆಟ್. ದುಡಿದು ಬದುಕಲಾಗದ ಸಿಪಾಯಿಯ ಮಗಳೆಂಬ ನೆಲೆಯಲ್ಲಿ ತಿಂಗಳಿಗೆ 73.13 ಡಾಲರ್ ಪಡೆಯುತ್ತಿದ್ದ ಆಕೆ ಆ ವರ್ಷದ ಮೇ 31ರಂದು ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅಷ್ಟು ಹಳೆಯ ಕಡತವನ್ನು ಮುಕ್ತಾಯಗೊಳಿಸುವಾಗ ಅಲ್ಲಿನ ಗುಮಾಸ್ತರು ಯಾವ ನಮೂನೆ ಭರ್ತಿ ಮಾಡಿದರು, ಅದರ ಮೇಲೆ ಏನೆಂದು ಷರಾ ಬರೆದರು ಎಂಬುದನ್ನು ಒಮ್ಮೆ ನೋಡಬೇಕೆಂಬ ಆಸೆ ನನಗಿದೆ.